ಮಕ್ಕಳು ಮಲಗುವ ಹೊತ್ತು

ಮಧ್ಯಾಹ್ನ ಒಂದೂ ಹತ್ತಕ್ಕೆ ಶಿಶುವಿಹಾರದ ಟೀಚರ್ ಸಾಮಾನು ಕೋಣೆಯ ಬಾಗಿಲು ಹಾಕಿಕೊಂಡು ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿಕೊಂಡಳು. ಗೋಡೆಯ ಆ ಕಡೆ ಹನ್ನೆರಡು ಮಕ್ಕಳು ನಿದ್ದೆ ಮಾಡುತ್ತಿದ್ದವು. ಹಾಗೆಂದು ಅವಳು ತಿಳಿದಿದ್ದಳು.

ನೋವು ಇನ್ನೂ ಪೂರ್ತಿ ಬಂದಿರಲಿಲ್ಲ. ಅದು ಬರುವ ಕ್ರಮ ಅವಳಿಗೆ ಬಾಯಿಪಾಠವಾಗಿತ್ತು. ಮೊದಲು ಎಡ ಹುಬ್ಬಿನ ಕೆಳಗೆ ಯಾರೋ ಹೆಬ್ಬೆರಳು ಊರಿ ನಿಂತಂತೆ ಒಂದು ಭಾರ. ಆಮೇಲೆ ಎಡಗಣ್ಣಿನಲ್ಲಿ ನೀರು, ಮೂಗಿನ ಎಡ ಹೊಳ್ಳೆಯಲ್ಲಿ ನೀರು. ಬಲಗಡೆ ಮಾತ್ರ ಪಕ್ಕದ ಮನೆಯವರ ಜಗಳ ಕೇಳಿಯೂ ಕೇಳದವರಂತೆ ತಣ್ಣಗಿರುತ್ತದೆ. ಮುಂದಿನ ಐದು ನಿಮಿಷದಲ್ಲಿ ಕಣ್ಣುಗುಡ್ಡೆಯನ್ನು ಒಳಗಿನಿಂದ ಒದ್ದು ಹೊರಗೆ ತಳ್ಳುವಂಥ ನೋವು. ಆಗ ಕೂರಲಾಗುವುದಿಲ್ಲ, ಮಲಗುವುದಂತೂ ದೂರದ ಮಾತು. ಅಂಗೈಯಿಂದ ಕಣ್ಣು ಒತ್ತಿಕೊಂಡು ನಾಲ್ಕು ಹೆಜ್ಜೆಯ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಾಳೆ. ನಡುನಡುವೆ ಹಣೆಯನ್ನು ಗೋಡೆಗೆ ಮೆತ್ತಗೆ ಕುಟ್ಟುತ್ತಾಳೆ. ಮಾಸ್ಕ್ ತಡವಾದರೆ ಒಂದೂವರೆ ಗಂಟೆ ಇದೇ ಪಾಡು. ಶುರುವಿನಲ್ಲೇ ಹಾಕಿಕೊಂಡರೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ.

ನರರೋಗದ ಡಾಕ್ಟರು ಇದಕ್ಕೆ ಕ್ಲಸ್ಟರ್ ತಲೆನೋವು ಎಂದಿದ್ದರು. ಗೊಂಚಲು ಗೊಂಚಲಾಗಿ ಬರುತ್ತದೆ: ವರ್ಷಕ್ಕೊಮ್ಮೆ ಆರೆಂಟು ವಾರ, ದಿನವೂ, ಹೆಚ್ಚುಕಡಿಮೆ ಅದೇ ಹೊತ್ತಿಗೆ. ಉಳಿದ ತಿಂಗಳುಗಳಲ್ಲಿ ಸುಳಿವೇ ಇರುವುದಿಲ್ಲ. ಈ ಹೆಸರು ಸಿಗುವ ಮುಂಚೆ ಸೈನಸ್ ಎಂದು ಹಬೆ ಹಿಡಿಸಿದ್ದರು, ಹಲ್ಲು ಎಂದು ಎರಡು ದವಡೆ ಹಲ್ಲು ಕೀಳಿಸಿದ್ದರು, ಕಣ್ಣು ಎಂದು ಬೇಡದ ಕನ್ನಡಕ ಹಾಕಿಸಿದ್ದರು. ತಕ್ಷಣ ನೋವು ಇಳಿಸುವ ಚುಚ್ಚುಮದ್ದು ಇದೆ, ಆದರೆ ಇವಳ ರಕ್ತದೊತ್ತಡಕ್ಕೆ ಅದು ಆಗಿಬರದು. ಹಾಗಾಗಿ ಸಿಲಿಂಡರ್. ನೋವಿನ ಸಾಲು ಬೇಗ ಮುಗಿಯಲೆಂದು ಕೊಟ್ಟ ಮಾತ್ರೆಯನ್ನು ಡಾಕ್ಟರು ಮೊನ್ನೆಯಷ್ಟೇ ಹೆಚ್ಚಿಸಿದ್ದರು.

ಶಿಶುವಿಹಾರದಲ್ಲಿ ಈ ವಿಷಯ ಗೊತ್ತಿದ್ದದ್ದು ಒಬ್ಬಳಿಗೇ, ಆಯಾಗೆ. ಮಕ್ಕಳು ಅವಳನ್ನು ಅಜ್ಜಿ ಎನ್ನುತ್ತಿದ್ದವು, ಉಳಿದವರೂ ಹಾಗೆಯೇ ಕರೆಯುತ್ತಿದ್ದರು. ಹಿಂದಿನ ಶಾಲೆಯಲ್ಲಿ ಟೀಚರಿನ ಕೆಂಪು ಕಣ್ಣು, ಜೋತ ರೆಪ್ಪೆ, ನಿಂತಲ್ಲಿ ನಿಲ್ಲದ ಕಾಲು ನೋಡಿ ಮುಖ್ಯೋಪಾಧ್ಯಾಯರು ಹತ್ತಿರ ಬಂದು ಮೂಗರಳಿಸಿ ಬಾಯಿಯ ವಾಸನೆ ನೋಡಿದ್ದರು. ಆ ಕೆಲಸ ಹೋಯಿತು. ಇಲ್ಲಿ ಅದನ್ನು ತಪ್ಪಿಸಲು ಅವಳು ಮಾಡಿದ್ದು ಒಂದೇ ಉಪಾಯ. ಊಟವಾದ ತಕ್ಷಣ ಮಲಗಿಸಿದರೆ ಮಕ್ಕಳು ಸಂಜೆ ರಗಳೆ ಮಾಡುವುದಿಲ್ಲ ಎಂದು ಹೇಳಿ, ಎರಡಕ್ಕಿದ್ದ ಮಲಗುವ ಹೊತ್ತನ್ನು ಒಂದು ಗಂಟೆಗೆ ಎಳೆದಳು. ಎಲ್ಲರೂ ಒಪ್ಪಿದರು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಒಂದು ಬೆಳಿಗ್ಗೆ ಯಾರೂ ಬರುವ ಮುಂಚೆ ಸಿಲಿಂಡರನ್ನು ತಂದು ಸಾಮಾನು ಕೋಣೆಯಲ್ಲಿ, ಹಳೆ ಹಾಸಿಗೆಗಳ ಹಿಂದೆ ನಿಲ್ಲಿಸಿದ.

ನೋವಿಗೆ ಹೆಸರಿಟ್ಟವನೂ ಅವನೇ. ಊಟದ ಹೊತ್ತಿಗೆ ಸರಿಯಾಗಿ ಬಂದು, ಮನೆಮಂದಿಯನ್ನೆಲ್ಲ ನಿಲ್ಲಿಸಿ ಉಪಚಾರ ಮಾಡಿಸಿಕೊಂಡು, ತನಗೆ ತೋಚಿದಾಗ ಹೋಗುವುದರಿಂದ ಅದು 'ಅಳಿಯ'. ದಿನಾ ಎರಡು ಗಂಟೆಗೆ ಅವನ ಫೋನು ಬರುತ್ತಿತ್ತು.

"ಅಳಿಯ ಬಂದಿದ್ನಾ?"

"ಬಂದಿದ್ದ. ಹೋದ."

"ಏನೂ ಮುರಿದು ಹಾಕ್ಲಿಲ್ಲ ತಾನೆ?"

"ನನ್ನನ್ನ ಬಿಟ್ಟು ಏನೂ ಇಲ್ಲ."

ಅವಳು ನಗುತ್ತಿದ್ದಳು. ಆದರೆ ಬೆಳಿಗ್ಗೆ ಹನ್ನೊಂದಾಯಿತೆಂದರೆ ಅವಳ ಕಣ್ಣು ಗೋಡೆ ಗಡಿಯಾರದ ಮೇಲೆಯೇ. ಊಟ ಬಡಿಸುವಾಗ ಹುಬ್ಬು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇಂದು ಮುಂಚೆಯೇ ಬಂದುಬಿಟ್ಟರೆ? ಮಕ್ಕಳು ಎದ್ದಿರುವಾಗ? ತಾನು ಒಳಗಿರುವಾಗ ಒಂದು ಮಗುವಿಗೆ ಏನಾದರೂ ಆಗಿ, ಅಜ್ಜಿಯ ಕೈಲಿ ಆಗದೆ ಹೋದರೆ? ಈ ಕೊನೆಯ ಪ್ರಶ್ನೆಯನ್ನು ಅವಳು ಅಜ್ಜಿಯ ಎದುರೂ ಎತ್ತಿರಲಿಲ್ಲ.

ಇನ್ನೊಂದು ವಿಷಯ ಅವಳಿಗೆ ಹೊಳೆದೇ ಇರಲಿಲ್ಲ. ಪ್ರತಿ ಸೋಮವಾರ ಅವಳು ಮಂಡಿಯೂರಿ ಕೋಣೆ ಕೋಣೆ ಸುತ್ತುತ್ತಿದ್ದಳು: ಮಗುವಿನ ಕಣ್ಣಿನ ಎತ್ತರಕ್ಕೆ ಯಾವ ಮೊಳೆ ಇದೆ, ಯಾವ ಸ್ವಿಚ್ಚು ಸಿಗುತ್ತದೆ, ಯಾವ ಮೂಲೆ ಹಣೆಗೆ ತಾಗುತ್ತದೆ. ಸಾಮಾನು ಕೋಣೆಯ ಬಾಗಿಲನ್ನು ಮಾತ್ರ ನಿಂತೇ ನೋಡಿದ್ದಳು. ಆ ಬಾಗಿಲಿನ ಕೆಳಭಾಗದಲ್ಲಿ ಗಾಳಿಯಾಡಲೆಂದು ಮರದ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ್ದರು. ನಿಂತವರಿಗೆ ಅದು ಮುಚ್ಚಿದ ಬಾಗಿಲು. ಹಾಸಿಗೆಯಲ್ಲಿ ಮಲಗಿದವರಿಗೆ ಒಳಗಿನದೆಲ್ಲ ಕಾಣುವ ಕಿಟಕಿ.

ಬುಧವಾರ ಮಕ್ಕಳು ಊಟಕ್ಕೆ ಕೂತಾಗ ಶಿಶುವಿಹಾರದ ಒಡತಿಯಿಂದ ಟೀಚರಿಗೆ ಕರೆ ಬಂತು. ಒಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವರ ಮೇಜಿನೆದುರು ಕನ್ನಡಕದಂಗಡಿಯವನು ನಿಂತಿದ್ದ, ಯಾಕಮ್ಮನ ಅಪ್ಪ. ಆ ನಾಲ್ಕು ವರ್ಷದ ಹುಡುಗಿ ಯಾವ ಮಾತಿಗೂ 'ಯಾಕೆ' ಎನ್ನದೆ ಬಿಡದ ಕಾರಣ ಆ ಹೆಸರು ಅಂಟಿಕೊಂಡಿತ್ತು. ಅವನು ಕೂರಲಿಲ್ಲ. ಫೋನು ಮುಂದೆ ಹಿಡಿದ.

ಫೋನಿನಲ್ಲಿ ಯಾಕಮ್ಮ ಮನೆಯ ನಡುಕೋಣೆಯಲ್ಲಿದ್ದಳು. ಕಾಗದದ ಲೋಟವೊಂದನ್ನು ಮೂಗು ಬಾಯಿ ಮುಚ್ಚುವಂತೆ ಹಿಡಿದು, ಇನ್ನೊಂದು ಕೈಯಿಂದ ಎಡಗಣ್ಣು ಒತ್ತಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದಳು. ಗೋಡೆಯ ಹತ್ತಿರ ಹೋಗಿ ಹಣೆಯಿಂದ ಟಕ್ ಟಕ್ ಎಂದು ಕುಟ್ಟಿದಳು. ಲೋಟದೊಳಗಿನಿಂದ ದನಿ ಬಂತು: "ಹೋಗತ್ತೆ, ಹೋಗತ್ತೆ, ಇನ್ನೊಂಚೂರು, ಹೋಗತ್ತೆ." ಆಮೇಲೆ ಗೊಂಬೆಯ ಮುಖಕ್ಕೂ ಲೋಟ ಹಿಡಿದು, ಗೊಂಬೆಯನ್ನು ಮಲಗಿಸಿದಳು.

"ಇದೇನು ಆಟ ಅಂತ ಕೇಳ್ದೆ," ಎಂದ ಕನ್ನಡಕದಂಗಡಿಯವನು. "ಮಲಗೋ ಹೊತ್ತಿನ ಆಟ ಅಂದ್ಲು. ಮೇಡಂ, ಹನ್ನೆರಡು ಮಕ್ಕಳು ಒಂದು ಗಂಟೆಗೆ ಸರಿಯಾಗಿ ತಣ್ಣಗೆ ಮಲಗ್ತವಲ್ಲ, ಹೇಗೆ? ನನ್ನ ಮಗಳು ಮನೇಲಿ ಕುಣಿದು ಕುಪ್ಪಳಿಸಿ ನಮ್ಮನ್ನ ಮಲಗಿಸ್ತಾಳೆ. ಇಲ್ಲಿ ಮಕ್ಕಳಿಗೆ ಮೂಸೋಕೆ ಏನು ಕೊಡ್ತಿದೀರ?"

ದೊಡ್ಡಮ್ಮನ ಮುಖ ಕಪ್ಪಿಟ್ಟಿತು. "ಏನು ಮಾತು ಅಂತ ಆಡ್ತೀರಿ! ಬನ್ನಿ, ನೀವೇ ನೋಡ್ಕೊಳ್ಳಿ."

ಸಾಮಾನು ಕೋಣೆಯ ಬಾಗಿಲು ತೆಗೆದವರು ದೊಡ್ಡಮ್ಮನೇ. ಹಾಸಿಗೆ ಸರಿಸಿದವನು ಅವನು. ಸಿಲಿಂಡರ್, ಅದರ ತಲೆಗೆ ಗಡಿಯಾರದಂಥ ಮಾಪಕ, ಕೊಳವೆ, ಚೀಲವಿರುವ ಮಾಸ್ಕ್. ತಟ್ಟೆಗಳನ್ನು ಎತ್ತಿಕೊಂಡು ಹೋಗುತ್ತಿದ್ದ ಅಜ್ಜಿ ಬಾಗಿಲಲ್ಲಿ ನಿಂತುಬಿಟ್ಟಳು.

"ಯಾರದು ಇದು?" ಎಂದರು ದೊಡ್ಡಮ್ಮ.

"ನಂದು," ಎಂದಳು ಅಜ್ಜಿ. "ನನಗೆ ಉಬ್ಬಸ."

"ನಿನಗೆ ಉಬ್ಬಸವಾ? ಮೂರು ಮಹಡಿ ಹತ್ತಿ ಬಂದು ಹಾಡು ಹೇಳ್ತೀಯಲ್ಲ!"

"ಹಾಡೋದ್ರಿಂದ್ಲೇ ಬಂದಿದ್ದು."

ಸುಮ್ಮನಿದ್ದರೆ ಆ ಮಾತು ಹಾಗೆಯೇ ನಿಲ್ಲುತ್ತಿತ್ತು, ಕೆಲಸ ಹೋಗುತ್ತಿದ್ದದ್ದು ಅಜ್ಜಿಯದು. ಟೀಚರ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಜ್ಜೀದಲ್ಲ ದೊಡ್ಡಮ್ಮ. ನಂದು," ಎಂದಳು. ಆಮೇಲೆ ಇದ್ದದ್ದನ್ನೆಲ್ಲ ಹೇಳಿದಳು: ತಲೆನೋವು, ಡಾಕ್ಟರು, ಹಿಂದಿನ ಶಾಲೆ, ಮಲಗುವ ಹೊತ್ತು ಬದಲಿಸಿದ್ದು. "ಮಕ್ಕಳ ಮುಖದ ಹತ್ತಿರ ಈ ಮಾಸ್ಕ್ ಒಂದು ಸಲಾನೂ ಹೋಗಿಲ್ಲ."

"ಗಡಿಯಾರ ನೋಡ್ಕೊಂಡು ಬರೋ ತಲೆನೋವು," ಎಂದ ಕನ್ನಡಕದಂಗಡಿಯವನು.

"ಹೌದು. ಒಂದೂ ಹತ್ತು, ಒಂದೂ ಕಾಲು. ಮೂರು ವಾರದಿಂದ ಒಂದು ದಿನಾನೂ ತಪ್ಪಿಲ್ಲ."

ಅವನು ತನ್ನ ಕೈಗಡಿಯಾರ ನೋಡಿದ. ಹನ್ನೆರಡೂ ಐವತ್ತು. "ಮಿಕ್ಕ ಹನ್ನೊಂದು ಮನೆಯವರು ಗ್ರೂಪಲ್ಲಿ ಕಾಯ್ತಾ ಇದಾರೆ. ನಾನು ಕಂಡದ್ದನ್ನ ಮಾತ್ರ ಬರೀತೀನಿ, ಇಲ್ಲದ್ದು ಬರೆಯಲ್ಲ. ಕೂತು ನೋಡ್ತೀನಿ."

ಹೀಗೆ ಅವರು ಕೂತರು. ಮಕ್ಕಳನ್ನು ಮಲಗಿಸಿ, ಪರದೆ ಎಳೆದು, ಅದೇ ಕೋಣೆಯ ಮೂಲೆಯಲ್ಲಿ. ಅಲ್ಲಿದ್ದದ್ದು ಮಕ್ಕಳ ಕುರ್ಚಿಗಳು ಮಾತ್ರ. ದೊಡ್ಡಮ್ಮನ ಮಂಡಿ ಗದ್ದಕ್ಕೆ ಬಂದಿತ್ತು. ಕನ್ನಡಕದಂಗಡಿಯವನು ಆನೆಯ ಚಿತ್ರವಿದ್ದ ಹಳದಿ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ. ಮಾತೆಲ್ಲ ಪಿಸುಮಾತು. ಎದುರಿನ ಗೋಡೆಯಲ್ಲಿ ಟೀಚರ್ ಮಕ್ಕಳಿಗೆ ಹೊತ್ತು ನೋಡಲು ಕಲಿಸುವ ದೊಡ್ಡ ಗಡಿಯಾರ. ಅದರ ದೊಡ್ಡ ಮುಳ್ಳು ಕೆಂಪು, ಚಿಕ್ಕ ಮುಳ್ಳು ನೀಲಿ.

ಕೆಂಪು ಮುಳ್ಳು ಎರಡಕ್ಕೆ ಬಂತು. ಟೀಚರ್ ಹುಬ್ಬು ಮುಟ್ಟಿಕೊಂಡಳು. ಏನೂ ಇಲ್ಲ. ಮೂರಕ್ಕೆ ಬಂತು. ಏನೂ ಇಲ್ಲ. ಕಣ್ಣು ಮುಚ್ಚಿ ಎಡಗಣ್ಣಿನ ಹಿಂದೆ ಹುಡುಕಿದಳು, ಕತ್ತಲೆ ಕೋಣೆಯಲ್ಲಿ ಸ್ವಿಚ್ಚಿಗೆ ತಡಕಾಡುವಂತೆ. ಅಲ್ಲಿ ಬರಿದಾಗಿತ್ತು, ಹಗುರವಾಗಿತ್ತು.

"ಬಂತಾ?" ಎಂದು ದೊಡ್ಡಮ್ಮ ಪಿಸುಗುಟ್ಟಿದರು.

"ಇನ್ನೂ ಇಲ್ಲ."

ಅಜ್ಜಿ ಹೊದಿಕೆ ಸರಿಮಾಡುವ ನೆಪದಲ್ಲಿ ಬಾಗಿ ಅವಳ ಕಿವಿಯಲ್ಲಿ, "ಇವತ್ತೇ ಮುನಿಸ್ಕೋಬೇಕಾ ನಿಮ್ಮ ಅಳಿಯ!" ಎಂದಳು.

ಮೂರು ವಾರದಿಂದ ಪ್ರತಿದಿನ ಬೇಡ, ಬೇಡ ಎನ್ನುತ್ತಿದ್ದವಳು ಈಗ ಬರಲಿ ಎಂದುಕೊಂಡಳು. ಅಂದುಕೊಂಡಾಗ ಅವಳಿಗೇ ಹೆದರಿಕೆಯಾಯಿತು. ಮಾತ್ರೆ ಹೆಚ್ಚಿಸಿದ್ದರಿಂದ ನೋವು ಇವತ್ತು ತಪ್ಪಿತೋ, ಮುಂದಕ್ಕೆ ಹೋಯಿತೋ? ಸಾಲು ಮುಗಿದೇ ಹೋಯಿತೋ? ಇದನ್ನು ಈಗ ಬಾಯಿಬಿಟ್ಟು ಹೇಳಿದರೆ ನೆಪ ಹೂಡಿದಂತೆ ಕೇಳಿಸುತ್ತದೆ. ಹೇಳಿಯೂ ನೋಡಿದಳು, ಹಾಗೆಯೇ ಕೇಳಿಸಿತು.

"ಮಾತ್ರೆಯಿಂದ ತಡವಾಗಬಹುದು ಅಂತ ಡಾಕ್ಟರು ಹೇಳಿದ್ರು."

"ಮೂರು ವಾರದಿಂದ ತಪ್ಪಿಲ್ಲ ಅಂದ್ರಿ," ಎಂದ ಕನ್ನಡಕದಂಗಡಿಯವನು. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

ಒಂದೂ ಐವತ್ತಕ್ಕೆ ಅವನು ಎದ್ದ. ಆನೆಯ ಕುರ್ಚಿ ಅವನ ಜೊತೆಗೇ ಎದ್ದಿತು, ಬಿಡಿಸಿ ಕೆಳಗಿಟ್ಟ. ಯಾರೂ ನಗಲಿಲ್ಲ. "ಅಂಗಡಿ ತೆಗೀಬೇಕು. ಮಗಳನ್ನ ಕರ್ಕೊಂಡು ಹೋಗ್ತೀನಿ. ಸಿಲಿಂಡರ್ ಇದೆ, ಮಾಸ್ಕ್ ಇದೆ. ತಲೆನೋವು ನಾನು ಕಾಣಲಿಲ್ಲ. ಅಷ್ಟೇ ಬರೀತೀನಿ."

ದೊಡ್ಡಮ್ಮ ಟೀಚರನ್ನು ಹೊರಗಿನ ಪಡಸಾಲೆಗೆ ಕರೆದರು. "ನೋವು ನಿನ್ನದು ಕಣಮ್ಮ, ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಕೋಣೆ ನಂದು, ಮಕ್ಕಳನ್ನ ಅಪ್ಪ ಅಮ್ಮಂದಿರು ನನ್ನನ್ನ ನಂಬಿ ಬಿಟ್ಟಿದಾರೆ. ಅವುಗಳ ತಲೆ ಪಕ್ಕದಲ್ಲಿ ಅಂಥದ್ದೊಂದನ್ನ ನಿಲ್ಲಿಸಿದೀಯ. ಒಂದು ಕಿಡಿ ಬಿದ್ದಿದ್ರೆ? ನನಗೆ ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

ಆ ಮಾತಿನಲ್ಲಿ ಟೀಚರಿಗೆ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ.

"ನಾಳೆಯಿಂದ ಬರಬೇಡ. ನಿನ್ನ ಯಜಮಾನರಿಗೆ ಹೇಳು, ಅದನ್ನ ಈಗಲೇ ತಗೊಂಡು ಹೋಗ್ಲಿ."

ಗಂಡ ಎರಡು ಕಟ್ಟಡ ಆಚೆ ಲಿಫ್ಟ್ ಬಿಚ್ಚಿಕೊಂಡು ಕೂತಿದ್ದ. ಫೋನು ಮಾಡಿದ ಹತ್ತು ನಿಮಿಷಕ್ಕೆ ಗ್ರೀಸ್ ಕೈಯನ್ನು ಚಿಂದಿಯಲ್ಲಿ ಒರೆಸುತ್ತ ಬಂದ. ದೊಡ್ಡಮ್ಮ ಅವನ ಕೈ ನೋಡಿ, "ತೊಳ್ಕೊಂಡು ಮುಟ್ಟಪ್ಪ," ಎಂದರು. ಅವನು ಸೋಪು ಹಾಕಿ ತೊಳೆದುಕೊಂಡ. ಸಿಲಿಂಡರನ್ನು ತಳ್ಳುಗಾಡಿಗೆ ಬಿಗಿದು, ಹೆಂಡತಿಯ ಮುಖ ನೋಡಿದ. "ಬಂದ್ನಾ?"

"ಇಲ್ಲ."

"ಒಳ್ಳೇದೇ ಆಯ್ತಲ್ಲ," ಎಂದವನು, ಹಾಗೆಂದದ್ದಕ್ಕೆ ತಾನೇ ತಲೆ ಕೆಳಗೆ ಹಾಕಿ ಗಾಡಿಯನ್ನು ತನ್ನ ವ್ಯಾನಿನ ಕಡೆ ತಳ್ಳಿಕೊಂಡು ಹೋದ.

ಯಾಕಮ್ಮ ನಿದ್ದೆ ಮಾಡಿರಲೇ ಇಲ್ಲ. ಚೀಲ, ನೀರಿನ ಬಾಟಲಿ, ಗೊಂಬೆ ಎಲ್ಲ ಅಪ್ಪನ ಕೈಯಲ್ಲಿದ್ದವು. ಬಾಗಿಲ ಬಳಿಯ ಬೆಂಚಿನ ಮೇಲೆ ಅವಳನ್ನು ಕೂರಿಸಿದ್ದ.

"ಈಗಲೇ ಯಾಕೆ ಮನೆಗೆ?"

"ಸುಮ್ನೆ."

"ಸುಮ್ನೆ ಯಾಕೆ?"

ಎಂದಿನ ಅಭ್ಯಾಸದಲ್ಲಿ ಟೀಚರ್ ಮಂಡಿಯೂರಿ ಅವಳಿಗೆ ಶೂ ಹಾಕತೊಡಗಿದಳು. ಒಂದು ಶೂ ಆಯಿತು. ಎರಡನೆಯದರ ಪಟ್ಟಿ ಬಿಗಿಯುವಾಗ ಟೀಚರಿನ ಕೆನ್ನೆಯ ಮೇಲೆ ನೀರು ಇಳಿಯಿತು.

"ಅಳಬೇಡಮ್ಮ," ಎಂದರು ದೊಡ್ಡಮ್ಮ, ದನಿ ತಗ್ಗಿಸಿ. "ಬೇರೆ ಕಡೆ ಸಿಗುತ್ತೆ."

ಟೀಚರ್ ಕೂಡ ತಾನು ಅಳುತ್ತಿದ್ದೇನೆ ಎಂದೇ ತಿಳಿದಳು. ಅಳು ಬರುವಷ್ಟು ಕಾರಣವಿತ್ತು.

ಯಾಕಮ್ಮ ಬಾಗಿ ಅವಳ ಮುಖವನ್ನು ಹತ್ತಿರದಿಂದ ನೋಡಿದಳು. "ಮಿಸ್ ಅಳ್ತಿಲ್ಲ," ಎಂದಳು. "ಒಂದೇ ಕಣ್ಣಲ್ಲಿ ನೀರು."

ಟೀಚರಿನ ಕೈ ಶೂ ಬಿಟ್ಟು ಹುಬ್ಬಿಗೆ ಹೋಯಿತು. ಹೆಬ್ಬೆರಳ ಭಾರ ಅಲ್ಲಿತ್ತು. ಎಷ್ಟು ಹೊತ್ತಿನಿಂದ ಇತ್ತೋ, ಈ ಗಡಿಬಿಡಿಯಲ್ಲಿ ಅವಳು ಗಮನಿಸಿರಲಿಲ್ಲ.

ಕನ್ನಡಕದಂಗಡಿಯವನು ಕೈಯಲ್ಲಿದ್ದುದನ್ನೆಲ್ಲ ನೆಲದ ಮೇಲೆ ಬಿಟ್ಟು ಅವಳೆದುರು ಕುಕ್ಕರಗಾಲಲ್ಲಿ ಕೂತ. ದಿನವಿಡೀ ಜನರ ಕಣ್ಣಿನೊಳಗೆ ನೋಡುವುದೇ ಅವನ ಕಸುಬು. "ಇಲ್ಲಿ ನೋಡಿ. ನನ್ನ ಬೆರಳು ನೋಡಿ," ಎಂದ. ಎಡ ರೆಪ್ಪೆ ಅರ್ಧ ಜೋತಿತ್ತು. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಚಿಕ್ಕದಾಗಿತ್ತು. ಬಿಳಿಭಾಗ ನೋಡನೋಡುತ್ತಲೇ ಕೆಂಪಾಗುತ್ತಿತ್ತು.

"ಪಾಪೇನ ಯಾರೂ ಬೇಕಂತ ಚಿಕ್ಕದು ಮಾಡೋಕಾಗಲ್ಲ," ಎಂದ, ಯಾರಿಗೆಂದಿಲ್ಲದೆ. ಆಮೇಲೆ ಜೋರಾಗಿ, "ಆ ಸಿಲಿಂಡರ್ ಎಲ್ಲಿ ಹೋಯ್ತು?"

"ವ್ಯಾನಿಗೆ," ಎಂದಳು ಅಜ್ಜಿ. "ಓಡಿ!"

ಅವನು ಓಡಿದ.

ಟೀಚರ್ ಆಗಲೇ ಎದ್ದು ನಡೆಯುತ್ತಿದ್ದಳು, ಪಡಸಾಲೆಯ ಆ ತುದಿಯಿಂದ ಈ ತುದಿಗೆ, ಅಂಗೈ ಕಣ್ಣಿನ ಮೇಲೆ. ಗೋಡೆ ಸಿಕ್ಕಲ್ಲಿ ಹಣೆ ತಾಗಿಸಿದಳು. ಅವಳ ಗಂಟಲಿನಿಂದ ಬಂದ ದನಿ ದೊಡ್ಡಮ್ಮ ಯಾವ ದೊಡ್ಡವರಿಂದಲೂ ಕೇಳಿರದಂಥದ್ದು. ಅವರು ಗಾಬರಿಯಲ್ಲಿ ಅವಳ ತೋಳು ಹಿಡಿದು, "ಮಲಕ್ಕೋ, ಮೊದಲು ಮಲಕ್ಕೋ, ನೀರು ತರ್ತೀನಿ," ಎಂದು ಬೆಂಚಿನ ಕಡೆ ಎಳೆದರು.

"ಮಲಗಿಸಬಾರ್ದು ದೊಡ್ಡಮ್ಮ," ಎಂದಳು ಯಾಕಮ್ಮ ಬೆಂಚಿನ ಮೇಲಿಂದ, ಒಂದು ಶೂವಿನ ಪಟ್ಟಿ ಬಿಚ್ಚಿಕೊಂಡಿದ್ದಂತೆಯೇ. "ಮಿಸ್ ನಡೀಬೇಕು. ಮಾತಾಡಿಸ್ಲೂಬಾರ್ದು."

ದೊಡ್ಡಮ್ಮ ಕೈಬಿಟ್ಟರು.

ವ್ಯಾನು ರಸ್ತೆಗಿಳಿದು ತಿರುವಿನ ಸಿಗ್ನಲ್ಲಿನಲ್ಲಿ ನಿಂತಿತ್ತು. ಕನ್ನಡಕದಂಗಡಿಯವನು ಅದರ ಬಾಗಿಲು ಬಡಿದು ನಿಲ್ಲಿಸಿದ. ಇಬ್ಬರೂ ಸೇರಿ ಗಾಡಿಯನ್ನು ವಾಪಸ್ಸು ತಳ್ಳಿ ತಂದರು. ಮೆಟ್ಟಿಲಲ್ಲಿ ಒಬ್ಬ ತಲೆ ಹಿಡಿದ, ಒಬ್ಬ ಬುಡ ಹಿಡಿದ. ದೊಡ್ಡಮ್ಮ ತಮ್ಮ ಆಫೀಸು ಕೋಣೆಯ ಬಾಗಿಲು ತೆರೆದು ಹಿಡಿದರು. ಮಾಸ್ಕ್ ಮುಖಕ್ಕೆ ಬಂದಾಗ ಎರಡೂವರೆ ಆಗಿತ್ತು. ತಡವಾಗಿದ್ದರಿಂದ ನೋವು ಇಪ್ಪತ್ತು ನಿಮಿಷಕ್ಕೆ ಇಳಿಯಲಿಲ್ಲ. ಮೂರೂ ಕಾಲಿನವರೆಗೂ ಹಿಡಿಯಿತು. ಅಷ್ಟು ಹೊತ್ತೂ ಗಂಡ ಕೊಳವೆ ಸಿಕ್ಕಾಗದಂತೆ ಹಿಡಿದುಕೊಂಡು ಅವಳ ಹಿಂದೆ ಹಿಂದೆ ನಡೆದ. ಒಳಗೆ ಮಕ್ಕಳು ಒಂದೊಂದಾಗಿ ಎದ್ದವು. ಅಜ್ಜಿ ಬಾಗಿಲು ಮುಚ್ಚಿ ಹಾಡು ಶುರುಮಾಡಿದಳು.

ಕನ್ನಡಕದಂಗಡಿಯವನು ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ನಿಂತು ಫೋನಿನಲ್ಲಿ ಬರೆದ: 'ಮಕ್ಕಳಿಗೆ ಯಾರೂ ಏನೂ ಮೂಸಿಸಿಲ್ಲ. ಸಿಲಿಂಡರ್ ಟೀಚರ್‌ದು, ಅವರಿಗೆ ಕಾಯಿಲೆ ಇದೆ, ನಾನು ಕಣ್ಣಾರೆ ನೋಡಿದೆ. ಅದನ್ನು ಮಕ್ಕಳ ಪಕ್ಕದ ಕೋಣೆಯಲ್ಲಿ ಇಟ್ಟಿದ್ದು ತಪ್ಪು.' ಎರಡು ಸಲ ಓದಿ ಕಳಿಸಿದ. ನಂತರ ಮಗಳ ಶೂ ಬಿಚ್ಚಿ ಒಳಗೆ ಬಿಟ್ಟು ಅಂಗಡಿಗೆ ಹೋದ. ಸಂಜೆ ಎಂದಿನಂತೆ ಐದೂವರೆಗೆ ಬಂದು ಕರೆದುಕೊಂಡು ಹೋದ.

ಸಂಜೆ ಟೀಚರ್ ಹೊರಡುವಾಗ ದೊಡ್ಡಮ್ಮ, "ಆ ಕಾಗದಪತ್ರ ಇದ್ರೆ ತಗೊಂಡು ಬಾ ನಾಳೆ, ಡಾಕ್ಟರದ್ದು," ಎಂದರು.

"ನಾಳೆ ಬರಬೇಡ ಅಂದ್ರಿ."

"ಅಂದೆ. ಈಗ ಬಾ ಅಂತಿದೀನಿ. ಕಿವಿಗೇನೂ ನೋವಿಲ್ಲ ತಾನೆ?"

ಗುರುವಾರ ಎರಡು ಮನೆಯವರು ಮಕ್ಕಳನ್ನು ಕಳಿಸಲಿಲ್ಲ. ಸಿಲಿಂಡರು ಆಫೀಸು ಕೋಣೆಯ ಗೋಡೆಗೆ ಸರಪಳಿ ಹಾಕಿ ನಿಂತಿತು. ನೋವು ಒಂದೂ ಇಪ್ಪತ್ತಕ್ಕೆ ಬಂತು. ಟೀಚರ್ ಕೈಯೆತ್ತಿ ತೋರಿಸಿ ಹೊರಗೆ ಹೋದಳು. ಅವಳ ಜಾಗದಲ್ಲಿ, ಹತ್ತು ಮಕ್ಕಳ ಪಕ್ಕದ ಹಳದಿ ಕುರ್ಚಿಯಲ್ಲಿ, ದೊಡ್ಡಮ್ಮ ಹೋಗಿ ಕೂತರು.